ಪಂಡಿತಾ ರಮಾಬಾಯಿಯವರ ಚರಿತ್ರೆ

ಪ್ರತಿ ವರುಷವೂ ಶಾಲೆಯು ತೆರೆಯುವ ವಾರದಲ್ಲಿ ಪೆಟ್ಟಿಗೆಯನ್ನೂ ಹಾಸಿಗೆಯ ಸುರುಳಿಯನ್ನೂ ಹೊತ್ತುಕೊಂಡು ಹೊಸ ಬಾಲಿಕೆಯರು ವಿದ್ಯಾರ್ಥಿನಿಲಯದ ಮೆಟ್ಟಿಲನ್ನು ಏರುವುದನ್ನು ನಮ್ಮ ವಾಚಕರಲ್ಲಿ ಬಹುಮಂದಿ ಕಂಡಿರುವರು. ಅನೇಕರು ತಾವೇ ಹಾಗೆ ಏರಿದವರು. ಪೆಟ್ಟಿಗೆಯೊಳಗೆ ಏನಿದೆಯೆಂಬುದನ್ನು ಮೇಲ್ವಿಚಾರಕಿಯು ಎಣಿಸಿ ನೋಡಬಹುದು. ಆದರೆ ಮನಸ್ಸಿನೊಳಗೆ ಏನನ್ನು ಹೊತ್ತು ತಂದಿರುವಳೆಂಬುದು ಎಣಿಕೆಗೆ ಸಿಕ್ಕುವುದಿಲ್ಲ. ಒಬ್ಬಳು ತಾಯಿಯನ್ನು ಕಳೆದುಕೊಂಡಿರುವಳು. ಒಬ್ಬಳ ಮನೆಯಲ್ಲಿ ಸಾಲದ ಚಿಂತೆ. ಮತ್ತೊಬ್ಬಳಿಗೆ ತಾನು ಯಾವ ಕೆಲಸಕ್ಕೂ ಬಾರದವಳೆಂಬ ಭಯ. ಇಂಥ ಎಳೆಯ ಮನಸ್ಸುಗಳಿಗೆ ದೇವಭಕ್ತಿಯುಳ್ಳವರು ಯಾವ ವಿಧದ ಆಸರೆಯನ್ನು ಕೊಡಬೇಕು, ಹೇಗೆ ಕೊಡಬೇಕು ಎಂಬ ಪ್ರಶ್ನೆಗೆ ತಮ್ಮ ಬಾಳನ್ನೇ ಉತ್ತರವಾಗಿ ಕೊಟ್ಟ ಒಬ್ಬ ಸ್ತ್ರೀರತ್ನದ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ. ಅವರೇ ಪಂಡಿತಾ ರಮಾಬಾಯಿಯವರು. ಅವರ ಹೆಸರು ಮಹಾರಾಷ್ಟ್ರದೊಡನೆ ಸೇರಿಹೋಗಿದ್ದರೂ ಅವರು ಹುಟ್ಟಿದ್ದು ನಮ್ಮ ಕನ್ನಡನಾಡಿನ ಕಾಡಿನಲ್ಲಿ ಎಂಬುದನ್ನು ನಾವು ಮರೆಯಲಾಗದು.

ರಮಾಬಾಯಿಯವರ ತಂದೆಯಾದ ಅನಂತಶಾಸ್ತ್ರಿ ಡೋಂಗ್ರೆಯವರು ಕಾರ್ಕಳದ ಸಮೀಪದ ಮಾಳ ಎಂಬ ಊರಿನವರು, ಚಿತ್ಪಾವನ ಬ್ರಾಹ್ಮಣರು. ಅವರು ಯೌವನದಲ್ಲಿ ಪುಣೆಗೆ ಹೋಗಿ ಸಂಸ್ಕೃತವನ್ನು ಅಭ್ಯಾಸಮಾಡುತ್ತಿದ್ದಾಗ, ತಮ್ಮ ಗುರುಗಳು ಪೇಶ್ವೆಯ ಅರಮನೆಯಲ್ಲಿ ರಾಣಿಗೆ ಸಂಸ್ಕೃತವನ್ನು ಕಲಿಸುವುದನ್ನು ಅರಿತು ಆಶ್ಚರ್ಯಪಟ್ಟರು. ಸ್ತ್ರೀಯರಿಗೂ ಈ ವಿದ್ಯೆ ದಕ್ಕುವುದೆಂದು ಅವರಿಗೆ ನಿಶ್ಚಯವಾಯಿತು. ಮನೆಗೆ ಬಂದು ಹೆಂಡತಿಗೆ ಕಲಿಸಬೇಕೆಂದರೆ ಆಕೆಯೂ ಮನೆಯ ಹಿರಿಯರೂ ಒಪ್ಪಲಿಲ್ಲ. ಆಕೆಯು ತೀರಿಹೋದ ತರುವಾಯ ಅವರು ಲಕ್ಷ್ಮೀಬಾಯಿ ಎಂಬ ಚಿಕ್ಕ ಬಾಲೆಯನ್ನು ವಿವಾಹವಾಗಿ, ಆಕೆಗೆ ಸಂಸ್ಕೃತವನ್ನು ಕ್ರಮವಾಗಿ ಕಲಿಸಿದರು. ಇದರಿಂದ ಊರಲ್ಲಿ ಗದ್ದಲವೆದ್ದು, ಪಂಡಿತರ ಸಭೆಯ ಮುಂದೆ ತಮ್ಮ ನಡತೆಯು ಶಾಸ್ತ್ರವಿರುದ್ಧವಲ್ಲವೆಂದು ಅವರು ಸಾಧಿಸಬೇಕಾಯಿತು. ಕಡೆಗೆ ಅವರು ಊರನ್ನು ಬಿಟ್ಟು, ತುಂಗಾ, ಭದ್ರಾ, ನೇತ್ರಾವತಿ ನದಿಗಳು ಹುಟ್ಟುವ ಗಂಗಾಮೂಲದ ಅರಣ್ಯದಲ್ಲಿ ಒಂದು ಆಶ್ರಮವನ್ನು ಕಟ್ಟಿಕೊಂಡರು. ಅಲ್ಲಿ 1858ನೆಯ ಏಪ್ರಿಲ್ 23ರಂದು ರಮಾಬಾಯಿಯು ಹುಟ್ಟಿದಳು.

ಆಶ್ರಮಕ್ಕೆ ಬಂದ ಅತಿಥಿಗಳನ್ನೂ ವಿದ್ಯಾರ್ಥಿಗಳನ್ನೂ ಪೋಷಿಸುತ್ತ ಶಾಸ್ತ್ರಿಗಳ ಧನವೆಲ್ಲವೂ ಕರಗಿಹೋಯಿತು. ಮಗುವು ಇನ್ನೂ ಕೆಲವು ತಿಂಗಳಿನ ಕೂಸಾಗಿರುವಾಗಲೇ ಕುಟುಂಬವು ಕಾಡನ್ನು ಬಿಟ್ಟು ತೀರ್ಥಯಾತ್ರೆಗೆ ಹೊರಟಿತು. ದೇವಾಲಯಗಳಲ್ಲಿಯೂ ನದೀತೀರಗಳಲ್ಲಿಯೂ ಪುರಾಣವನ್ನು ಓದಿ ಹೇಳುವುದು, ಕೇಳಿದವರು ಕೊಟ್ಟುದರಲ್ಲಿ ಜೀವಿಸುವುದು, ಇದೇ ಅವರ ಬಾಳಾಯಿತು. ಮುದಿಯಾದ ತಂದೆಗೆ ಕಲಿಸುವ ಶಕ್ತಿ ಕುಂದಿದ್ದರಿಂದ ತಾಯಿಯೇ ಮಗಳಿಗೆ ಗುರುವಾದಳು. ನಸುಕಿನಲ್ಲಿಯೇ ಮಗಳನ್ನು ಎಬ್ಬಿಸಿ ಮಡಿಲಲ್ಲಿ ಕೂರಿಸಿಕೊಂಡು ಶ್ಲೋಕಗಳನ್ನು ಬಾಯಿಪಾಠ ಮಾಡಿಸುತ್ತಿದ್ದಳು. ಹೀಗೆ ರಮಾಬಾಯಿಗೆ ಬಾಲ್ಯದಲ್ಲಿಯೇ ಭಾಗವತ ಪುರಾಣವು ಕಂಠಸ್ಥವಾಯಿತು. ದೇಶಸಂಚಾರದಿಂದ ಮರಾಠಿಯಲ್ಲದೆ ಕನ್ನಡ, ಹಿಂದೂಸ್ತಾನಿ ಮೊದಲಾದ ಭಾಷೆಗಳೂ ಬಂದವು. ಆ ಕಾಲದ ಪದ್ಧತಿಯಂತೆ ಮಗಳನ್ನು ಚಿಕ್ಕಂದಿನಲ್ಲಿಯೇ ಮದುವೆಮಾಡಿ ಕೊಡುವುದಕ್ಕೆ ತಂದೆಯು ಒಡಂಬಡಲಿಲ್ಲ.

ಅನಂತರ ದಕ್ಷಿಣ ದೇಶದಲ್ಲಿ ಭಯಂಕರವಾದ ಬರಗಾಲವು ಬಂದಿತು. ಬಿಕ್ಷೆ ಬೇಡಿ ಅಭ್ಯಾಸವಿಲ್ಲದ, ಕೂಲಿ ಮಾಡಿ ತಿಳಿಯದ ಆ ಪಂಡಿತ ಕುಟುಂಬವು ಇದ್ದಬದ್ದ ಪಾತ್ರೆಗಳನ್ನೂ ಒಡವೆಗಳನ್ನೂ ಮಾರಿ, ಕಡೆಗೆ ಕಾಡಿನ ಎಲೆಗಳನ್ನು ತಿಂದು ದಿನಗಳನ್ನು ನೂಕಿತು. 1874ರಲ್ಲಿ ತಂದೆಯು ತೀರಿಹೋದರು. ಕೆಲವು ವಾರಗಳೊಳಗೆ ತಾಯಿಯೂ ಹೋದಳು. ಬಳಿಕ ಅಕ್ಕನೂ ಹೋದಳು. ತಾಯಿಯ ಶವವನ್ನು ಹೊರುವುದಕ್ಕೆ ಸಾಕಷ್ಟು ಜನರು ದೊರೆಯದಿದ್ದಾಗ ರಮಾಬಾಯಿಯು ತಾನೂ ಒಂದು ಕಡೆ ಹೆಗಲು ಕೊಡಲು ನಿಂತಳು. ಆಕೆಯು ಕುಳ್ಳಾಗಿದ್ದುದರಿಂದ ಚಟ್ಟವು ಹೆಗಲಿಗೆ ಸರಿಹೋಗಲಿಲ್ಲ. ಅದನ್ನು ತಲೆಯ ಮೇಲೆ ಹೊತ್ತು ನಡೆದಳು. ಆಗ ಆಕೆಗೆ ಹದಿನಾರು ವಯಸ್ಸು. ನಮ್ಮ ಮೇಲಿನ ತರಗತಿಯಲ್ಲಿ ಓದುವ ಹುಡುಗಿಯರ ವಯಸ್ಸು.

ಉಳಿದವರು ಅಣ್ಣನಾದ ಶ್ರೀನಿವಾಸನೂ ರಮಾಬಾಯಿಯೂ ಇಬ್ಬರೇ. ಇವರು ಕಾಲ್ನಡಿಗೆಯಿಂದ ಸಾವಿರಾರು ಮೈಲಿಗಳನ್ನು ಸಂಚರಿಸಿ ಕಾಶ್ಮೀರದವರೆಗೂ ಹೋದರು. ಝೇಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗುಳಿಗಳನ್ನು ತೋಡಿ, ಮೈಮೇಲೆ ಒಣಮರಳನ್ನು ಎಳೆದುಕೊಂಡು ರಾತ್ರಿಗಳನ್ನು ಕಳೆದರು. ಇಷ್ಟು ವ್ರತ, ಇಷ್ಟು ತೀರ್ಥಸ್ನಾನ, ಇಷ್ಟು ಪಾರಾಯಣ ಮಾಡಿದ ಮೇಲೂ ತಮಗೆ ಉತ್ತರ ಬರಲಿಲ್ಲವೇಕೆ ಎಂಬ ಶಂಕೆಯು ಅವರ ಹೃದಯದಲ್ಲಿ ಬೇರೂರಿತು. ಆ ಶಂಕೆಯನ್ನು ಹೇಳಿಕೊಳ್ಳಲು ಅವರಿಗೆ ಮನೆಯಿರಲಿಲ್ಲ, ಗುರುವಿರಲಿಲ್ಲ, ಸಮವಯಸ್ಸಿನ ಗೆಳತಿಯಿರಲಿಲ್ಲ. ಇದನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣವುಂಟು. ಮುಂದೆ ರಮಾಬಾಯಿಯವರು ಕಟ್ಟಿದುದೆಲ್ಲವೂ ಆ ವಯಸ್ಸಿನಲ್ಲಿ ತಮಗೆ ಇಲ್ಲದೆ ಹೋದದ್ದನ್ನು ಬೇರೆ ಬಾಲಿಕೆಯರಿಗೆ ದೊರಕಿಸುವ ಪ್ರಯತ್ನವೇ ಆಗಿದೆ.

1878ರಲ್ಲಿ ಅಣ್ಣತಂಗಿಯರು ಕಲ್ಕತ್ತೆಗೆ ಬಂದರು. ಇಪ್ಪತ್ತು ವಯಸ್ಸಿನ ಹೆಣ್ಣು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತನಾಡುವುದನ್ನು ಕೇಳಿ ಅಲ್ಲಿಯ ಪಂಡಿತರು ಬೆರಗಾಗಿ, ಆಕೆಯನ್ನು ಪರೀಕ್ಷಿಸಿ, ಪಂಡಿತಾ ಎಂದೂ ಸರಸ್ವತೀ ಎಂದೂ ಬಿರುದುಗಳನ್ನು ಕೊಟ್ಟರು. ಆದರೆ ಕೀರ್ತಿಯೊಡನೆ ದುಃಖವೂ ಬಂದಿತು. 1880ರಲ್ಲಿ ಅಣ್ಣನು ಢಾಕಾ ಪಟ್ಟಣದಲ್ಲಿ ತೀರಿಹೋದನು. ಅದೇ ವರುಷ ರಮಾಬಾಯಿಯವರು ಬಿಪಿನ್ ಬಿಹಾರಿ ಮೇಧಾವಿ ಎಂಬ ಬಂಗಾಳದ ವಕೀಲರನ್ನು, ಜಾತಿಭೇದವನ್ನು ಎಣಿಸದೆ, ರಿಜಿಸ್ಟರ್ ವಿವಾಹವಾದರು. ಅಸ್ಸಾಮಿನ ಸಿಲ್ಚಾರಿನಲ್ಲಿ ಸಂಸಾರ ಹೂಡಿದರು. ಗಂಡನ ಪುಸ್ತಕಗಳ ನಡುವೆ ಬಂಗಾಳಿ ಭಾಷೆಯ ಲೂಕನ ಸುವಾರ್ತೆಯೊಂದು ಅವರ ಕೈಗೆ ಸಿಕ್ಕಿದ್ದು ಅಲ್ಲಿಯೇ. 1881ರಲ್ಲಿ ಮಗಳು ಹುಟ್ಟಿದಳು. ಮನೋರಮಾ ಎಂದು ಹೆಸರಿಟ್ಟರು. ಮರುವರುಷ ಫೆಬ್ರವರಿಯಲ್ಲಿ ಕಾಲರಾ ರೋಗವು ಗಂಡನನ್ನು ಒಯ್ದಿತು. ಇಪ್ಪತ್ತಮೂರು ವಯಸ್ಸಿಗೆ ರಮಾಬಾಯಿಯವರು ಕೈಗೂಸಿನ ಸಂಗಡ ವಿಧವೆಯಾದರು.

ಅವರು ಪುಣೆಗೆ ಬಂದು 1882ರಲ್ಲಿ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸ್ತ್ರೀಧರ್ಮನೀತಿ ಎಂಬ ಪುಸ್ತಕವನ್ನು ಮರಾಠಿಯಲ್ಲಿ ಬರೆದರು. ಅದೇ ವರುಷ ಸರಕಾರದವರು ನೇಮಿಸಿದ್ದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯ ಕೊಟ್ಟು, ಹೆಣ್ಣುಮಕ್ಕಳ ಶಾಲೆಗಳಿಗೆ ಸ್ತ್ರೀಯರೇ ಉಪಾಧ್ಯಾಯಿನಿಯರೂ ಪರೀಕ್ಷಕರೂ ಆಗಬೇಕೆಂದೂ, ಪುರುಷ ವೈದ್ಯರ ಬಳಿಗೆ ಹೋಗಲು ನಾಚಿ ಪ್ರಾಣಬಿಡುವ ಸ್ತ್ರೀಯರಿಗಾಗಿ ಸ್ತ್ರೀವೈದ್ಯರು ಬೇಕೆಂದೂ ವಾದಿಸಿದರು. ತಾವೇ ವೈದ್ಯವನ್ನು ಕಲಿಯಬೇಕೆಂದು 1883ರಲ್ಲಿ ಇಂಗ್ಲೆಂಡಿಗೆ ಹೊರಟರು. ಪುಸ್ತಕದ ಹಣವೇ ದಾರಿಯ ಖರ್ಚಿಗೆ ಒದಗಿತು. ಆದರೆ ಕಿವಿಯು ಮಂದವಾಗುತ್ತ ಬಂದುದರಿಂದ ಆ ಆಸೆಯು ಕೈಗೂಡಲಿಲ್ಲ.

ಇಂಗ್ಲೆಂಡಿನ ವಾಂಟೇಜ್ ಎಂಬ ಊರಿನಲ್ಲಿ ಕ್ರೈಸ್ತ ಸಹೋದರಿಯರ ಮಠವೊಂದರಲ್ಲಿ ಅವರು ಇಳಿದುಕೊಂಡರು. ಆ ಸಹೋದರಿಯರು ಲಂಡನ್ನಿನ ಫುಲ್ಹಮಿನಲ್ಲಿ ದಾರಿತಪ್ಪಿದ ಸ್ತ್ರೀಯರಿಗಾಗಿ ಒಂದು ಮನೆಯನ್ನು ನಡಿಸುತ್ತಿದ್ದರು. ಲೋಕವು ಹೊರಗೆ ನೂಕಿದವರನ್ನು ಅಸಹ್ಯವಿಲ್ಲದೆ ಮುಟ್ಟಿ ಉಪಚರಿಸುವುದನ್ನು ಕಂಡು ರಮಾಬಾಯಿಯವರ ಹೃದಯವು ಕರಗಿತು. ಇದಕ್ಕೆ ಮೂಲವೇನೆಂದು ವಿಚಾರಿಸಿದಾಗ ಒಬ್ಬ ಸಹೋದರಿಯು ಬಾವಿಯ ಬಳಿಯಲ್ಲಿ ಯೇಸುಸ್ವಾಮಿಯು ಸಮಾರ್ಯದ ಸ್ತ್ರೀಯೊಡನೆ ಮಾತನಾಡಿದ ವೃತ್ತಾಂತವನ್ನು ತಿಳಿಸಿದಳು. ಬಹುಕಾಲದ ಶಂಕೆಗೆ ಅಲ್ಲಿ ಉತ್ತರ ದೊರೆಯಿತೆಂದು ಅವರಿಗೆ ತೋರಿತು. 1883ನೆಯ ಸೆಪ್ಟೆಂಬರ್ 29ರಂದು ತಾಯಿಯೂ ಮಗಳೂ ದೀಕ್ಷಾಸ್ನಾನವನ್ನು ಹೊಂದಿದರು. ಬಳಿಕ ಅವರು ಚೆಲ್ಟನ್‌ಹ್ಯಾಮಿನ ಮಹಿಳಾ ಕಾಲೇಜಿನಲ್ಲಿ ಕಲಿಯುತ್ತ ಸಂಸ್ಕೃತವನ್ನು ಕಲಿಸಿದರು. ಆದರೂ ಅವರು ಮೆತ್ತಗಿನ ಶಿಷ್ಯೆಯಾಗಿರಲಿಲ್ಲ. ಸಭೆಯ ಹಿರಿಯರು ಹೇಳಿದುದನ್ನೆಲ್ಲ ವಿಚಾರಿಸದೆ ಒಪ್ಪಬೇಕೆಂದಾಗ, ತಮಗೆ ದೇವರು ಕೊಟ್ಟ ಮನಸ್ಸಾಕ್ಷಿಯನ್ನು ಇನ್ನೊಬ್ಬರ ಕೈಗೆ ಒಪ್ಪಿಸುವುದಿಲ್ಲವೆಂದು ಸ್ಪಷ್ಟವಾಗಿ ಬರೆದು ತಿಳಿಸಿದರು. ತಮ್ಮ ಮೇಲೆ ಬಲವಂತವನ್ನು ಸಹಿಸದವರು ಇತರರ ಮೇಲೆಯೂ ಬಲವಂತ ಮಾಡಬಾರದೆಂಬ ನಿಯಮವನ್ನು ಮುಂದೆ ತಮಗೆ ತಾವೇ ವಿಧಿಸಿಕೊಂಡರು.

1886ರಲ್ಲಿ ಬಂಧುವಾದ ಆನಂದಿಬಾಯಿ ಜೋಶಿಯವರು ಅಮೇರಿಕದ ಫಿಲಡೆಲ್ಫಿಯದಲ್ಲಿ ವೈದ್ಯ ಪದವಿಯನ್ನು ಪಡೆಯುವ ಸಮಾರಂಭಕ್ಕೆಂದು ಹೋದ ರಮಾಬಾಯಿಯವರು ಆ ದೇಶದಲ್ಲಿ ಎರಡು ವರುಷಕ್ಕಿಂತ ಹೆಚ್ಚು ಕಾಲ ನಿಂತರು. ನಮ್ಮ ದೇಶದ ಬಾಲವಿಧವೆಯರ ಸ್ಥಿತಿಯನ್ನು ಕುರಿತು ಅವರು ಇಂಗ್ಲಿಷಿನಲ್ಲಿ ಬರೆದ ಗ್ರಂಥವು 1887ರಲ್ಲಿ ಪ್ರಕಟವಾಯಿತು. ಆ ವರುಷದ ಡಿಸೆಂಬರಿನಲ್ಲಿ ಬೋಸ್ಟನ್ನಿನ ಸಜ್ಜನರು ಒಂದು ಸಂಘವನ್ನು ಕಟ್ಟಿ, ಹತ್ತು ವರುಷಗಳ ಕಾಲ ಅವರ ಶಾಲೆಗೆ ಸಹಾಯಮಾಡಲು ಒಪ್ಪಿದರು. ಶಾಲೆಯಲ್ಲಿ ಯಾವ ಮತವನ್ನೂ ಬೋಧಿಸಕೂಡದೆಂಬ ಕಟ್ಟಳೆಗೆ ರಮಾಬಾಯಿಯವರು ಸಮ್ಮತಿಸಿದರು. 1889ನೆಯ ಮಾರ್ಚ್ 11ರಂದು ಬೊಂಬಾಯಿಯಲ್ಲಿ ಶಾರದಾ ಸದನವು ಇಬ್ಬರು ವಿದ್ಯಾರ್ಥಿನಿಯರೊಡನೆ ಆರಂಭವಾಯಿತು. ಅವರಲ್ಲೊಬ್ಬಳು ಗೋದೂಬಾಯಿ ಎಂಬ ಬಾಲವಿಧವೆ. ಆಕೆಯು 1893ರಲ್ಲಿ ಧೋಂಡೊ ಕೇಶವ ಕರ್ವೆಯವರನ್ನು ಪುನರ್ವಿವಾಹವಾದಳು. ಆ ಕರ್ವೆಯವರೇ ಮುಂದೆ ವಿಧವಾಶ್ರಮವನ್ನೂ 1916ರಲ್ಲಿ ಮಹಿಳಾ ವಿಶ್ವವಿದ್ಯಾನಿಲಯವನ್ನೂ ಸ್ಥಾಪಿಸಿದವರು.

1890ರಲ್ಲಿ ಸದನವು ಪುಣೆಗೆ ಬಂದಿತು. ಅಲ್ಲಿ ಹುಡುಗಿಯರು ತಮ್ಮ ತಮ್ಮ ಆಚಾರವನ್ನು ಇಟ್ಟುಕೊಳ್ಳಬಹುದಾಗಿತ್ತು. ಅಡಿಗೆಯೂ ಪೂಜೆಯೂ ಅವರವರ ಪದ್ಧತಿಯಂತೆ ನಡೆಯುತ್ತಿದ್ದವು. ತಲೆಯನ್ನು ಬೋಳಿಸಿ ಕತ್ತಲೆಯ ಕೋಣೆಯಲ್ಲಿ ಕೂರಿಸಲ್ಪಟ್ಟಿದ್ದ ಬಾಲೆಯರು ಇಲ್ಲಿ ಬೆಳಕಿನಲ್ಲಿ ಓದಿದರು, ತೋಟದಲ್ಲಿ ಓಡಾಡಿದರು, ನಗುವುದನ್ನು ಮರಳಿ ಕಲಿತರು. ರಮಾಬಾಯಿಯವರು ಪ್ರತಿದಿನವೂ ತಮ್ಮ ಕೋಣೆಯಲ್ಲಿ ಮಗಳೊಡನೆ ಸತ್ಯವೇದವನ್ನು ಓದಿ ಪ್ರಾರ್ಥಿಸುತ್ತಿದ್ದರು. ಆಗ ಕೋಣೆಯ ಬಾಗಿಲನ್ನು ಮುಚ್ಚುತ್ತಿರಲಿಲ್ಲ. ತಾಯಿಯಂತೆ ಪ್ರೀತಿಸಿದವರ ಬಳಿಗೆ ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕುಳಿತರು.

ಇದರಿಂದ ದೊಡ್ಡ ವಿವಾದವೆದ್ದಿತು. ಕೇಸರಿ ಪತ್ರಿಕೆಯು ಕಠಿಣವಾಗಿ ಬರೆಯಿತು. ಸದನಕ್ಕೆ ಸಲಹೆಗಾರರಾಗಿದ್ದ ರಾನಡೆ, ಭಾಂಡಾರ್ಕರ್ ಮೊದಲಾದ ಸುಧಾರಕರು 1893ರಲ್ಲಿ ಸಂಬಂಧವನ್ನು ಕಡಿದುಕೊಂಡರು. ಇಪ್ಪತ್ತಕ್ಕೂ ಮಿಕ್ಕಿ ಹುಡುಗಿಯರನ್ನು ಮನೆಯವರು ಬಿಡಿಸಿಕೊಂಡು ಹೋದರು. ಈ ಪ್ರಸಂಗವನ್ನು ನಾವು ಒಂದೇ ಕಡೆಯಿಂದ ನೋಡಲಾರೆವು. ಮತಬೋಧೆಯಿಲ್ಲವೆಂಬ ಮಾತಿನ ಮೇಲೆ ನಂಬಿಕೆಯಿಟ್ಟು ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳ ಭಯವು ನಿರಾಧಾರವಾದುದೆಂದು ಹೇಳುವುದು ನ್ಯಾಯವಲ್ಲ. ಪ್ರೀತಿಯುಳ್ಳವರ ನಡತೆಯು ಪಾಠಕ್ಕಿಂತ ಬಲವಾಗಿ ಎಳೆಯರನ್ನು ಸೆಳೆಯುತ್ತದೆ. ಇದು ಅವರಿಗೆ ತಿಳಿದಿತ್ತು. ರಮಾಬಾಯಿಯವರಾದರೋ, ಯಾರನ್ನೂ ಒಳಗೆ ಕರೆಯುವುದಿಲ್ಲ, ಬಂದವರನ್ನು ಹೊರಗೆ ನೂಕುವುದೂ ಇಲ್ಲ, ತಮ್ಮ ಮನೆಯಲ್ಲಿ ತಾವು ಮಾಡುವ ಪ್ರಾರ್ಥನೆಯನ್ನು ಬಚ್ಚಿಡುವುದೂ ಇಲ್ಲ ಎಂದು ನಿಂತರು. ಆ ಹುಡುಗಿಯರು ಗಾಡಿಯೇರಿ ಹಿಂದಿನ ಕತ್ತಲೆಯ ಕೋಣೆಗಳಿಗೆ ಮರಳಿದ ದಿನ ಅವರ ಹೃದಯವು ಎಷ್ಟು ನೊಂದಿತೆಂಬುದನ್ನು ಹೆಣ್ಣುಮಕ್ಕಳ ಶಾಲೆಯನ್ನು ನಡಿಸಿದವರು ಊಹಿಸಬಲ್ಲರು.

ಹೀಗಿರಲಾಗಿ 1896-97ರಲ್ಲಿ ಮಧ್ಯಪ್ರಾಂತಗಳಲ್ಲಿ ಘೋರವಾದ ಕ್ಷಾಮವು ತಲೆದೋರಿತು. ವರ್ತಮಾನವನ್ನು ಕೇಳಿದೊಡನೆ ರಮಾಬಾಯಿಯವರಿಗೆ ತಮ್ಮ ಹದಿನಾರನೆಯ ವಯಸ್ಸಿನ ನೆನಪು ಬಂದಿತು. ಕೈಯಲ್ಲಿ ಹಣವಿರಲಿಲ್ಲ, ಆದರೂ ಹೊರಟರು. ಬಡವರ ಶಿಬಿರಗಳಲ್ಲಿ ಎಲುಬುಗೂಡಾದ ಬಾಲಿಕೆಯರನ್ನೂ, ಒಂದು ಹಿಡಿ ಅನ್ನದ ಆಸೆ ತೋರಿಸಿ ಅವರನ್ನು ಕೆಟ್ಟ ದಾರಿಗೆ ಒಯ್ಯಲು ಹೊಂಚುಹಾಕುತ್ತಿದ್ದ ದುಷ್ಟರನ್ನೂ ಕಂಡರು. ದುಷ್ಟರಿಗಿಂತ ಮೊದಲು ತಾವು ಆ ಮಕ್ಕಳನ್ನು ತಲುಪಬೇಕೆಂದು ನಿಶ್ಚಯಿಸಿ, ತಂಡತಂಡವಾಗಿ ಅವರನ್ನು ಕರೆತಂದರು; ಸಂಖ್ಯೆಯು ಸುಮಾರು ಮುನ್ನೂರಕ್ಕೆ ಏರಿತು. ಪುಣೆಯಲ್ಲಿ ಆಗ ಪ್ಲೇಗ್ ಹಬ್ಬಿದ್ದುದರಿಂದ ಇಷ್ಟು ಮಂದಿಯನ್ನು ಊರೊಳಗೆ ಇಡಲು ಅಧಿಕಾರಿಗಳು ಒಪ್ಪಲಿಲ್ಲ. ಪುಣೆಗೆ ಮೂವತ್ತನಾಲ್ಕು ಮೈಲಿ ದೂರದ ಕೇಡಗಾಂವಿನಲ್ಲಿ ಅವರು ಕೊಂಡಿದ್ದ ಬಯಲುಭೂಮಿಗೆ ಎಲ್ಲರನ್ನೂ ಕರೆದೊಯ್ದರು. ಮೊದಲು ಡೇರೆಗಳು, ಬಳಿಕ ಚಪ್ಪರಗಳು, ಬಳಿಕ ಕಟ್ಟಡಗಳು ಎದ್ದವು. ಬಾವಿಗಳನ್ನು ತೋಡಿದರು, ಗಿಡಗಳನ್ನು ನೆಟ್ಟರು. ಆ ಸ್ಥಳಕ್ಕೆ ಮುಕ್ತಿ ಎಂದು ಹೆಸರಾಯಿತು. ಹತ್ತು ವರುಷಗಳ ಹಳೆಯ ಒಪ್ಪಂದವು 1898ರಲ್ಲಿ ಮುಗಿಯಿತು. ಅಲ್ಲಿಂದ ಮುಂದೆ ಮುಕ್ತಿಯು ಯಾವ ಮರೆಯೂ ಇಲ್ಲದೆ ಕ್ರೈಸ್ತ ಸಂಸ್ಥೆಯಾಗಿ ನಡೆಯಿತು. 1900ರ ಗುಜರಾತ್ ಕ್ಷಾಮದ ಸಮಯದಲ್ಲಿ ಇನ್ನೂ ನೂರಾರು ಮಕ್ಕಳು ಬಂದು ಸೇರಿ, ಅಲ್ಲಿಯ ಜನಸಂಖ್ಯೆಯು ಎರಡು ಸಾವಿರದ ಸಮೀಪಕ್ಕೆ ಬಂದಿತು.

ಇಷ್ಟು ಮಂದಿ ಗಾಯಗೊಂಡ ಮನಸ್ಸುಗಳನ್ನು ಹೇಗೆ ಸಂತೈಸಿದರು? ಹಸಿದು ಬಂದ ಮಕ್ಕಳು ಆಹಾರವನ್ನು ಕದ್ದು ಬಚ್ಚಿಡುತ್ತಿದ್ದರು, ಜಗಳವಾಡುತ್ತಿದ್ದರು, ಯಾರನ್ನೂ ನಂಬುತ್ತಿರಲಿಲ್ಲ. ಇವರಿಗೆ ಮೊದಲು ಬೇಕಾದದ್ದು ಉಪದೇಶವಲ್ಲ, ಹೊಟ್ಟೆತುಂಬ ಊಟ, ಸ್ನಾನ, ಶುಭ್ರವಾದ ಸೀರೆ, ನಿರ್ಭಯವಾದ ನಿದ್ರೆ ಎಂದು ರಮಾಬಾಯಿಯವರು ತಮ್ಮ ಅನುಭವದಿಂದಲೇ ತಿಳಿದಿದ್ದರು. ಶಾರದಾ ಸದನದಲ್ಲಿ ಕಲಿತ ವಿಧವೆಯರೇ ಈ ಮಕ್ಕಳಿಗೆ ಉಪಾಧ್ಯಾಯಿನಿಯರೂ ದಾದಿಯರೂ ಆದರು. ನಿನ್ನೆಯ ದಿನ ತಾನೇ ಕಣ್ಣೀರು ಸುರಿಸಿದವಳು ಇಂದು ಇನ್ನೊಬ್ಬಳ ಕಣ್ಣೀರನ್ನು ಒರಸುವಾಗ ಇಬ್ಬರಿಗೂ ಗುಣವಾಗುವುದೆಂಬುದನ್ನು ಮುಕ್ತಿಯಲ್ಲಿ ಕಾಣಬಹುದಾಗಿತ್ತು. ಓದುಬರಹದ ಸಂಗಡ ನೇಯ್ಗೆ, ಹೊಲಿಗೆ, ಎಣ್ಣೆಗಾಣ, ಹೈನುಗಾರಿಕೆ, ತೋಟಗಾರಿಕೆ, ಅಚ್ಚುಕೂಟದ ಕೆಲಸ ಇವೆಲ್ಲವನ್ನೂ ಹುಡುಗಿಯರೇ ನಡಿಸಿದರು. ತನ್ನ ಕೈಯಿಂದ ಏನಾದರೂ ಒಂದು ಉಪಯುಕ್ತವಾದ ವಸ್ತುವು ಆಗುವುದೆಂದು ಕಂಡ ಹುಡುಗಿಯು ತಾನು ವ್ಯರ್ಥಳೆಂಬ ಭಾವನೆಯನ್ನು ಬಿಡುವಳು. ಮೋಸಹೋದ ಸ್ತ್ರೀಯರಿಗೆ ಕೃಪಾ ಸದನವೂ, ಕುರುಡರಿಗೆ ಬ್ರೈಲ್ ಲಿಪಿಯ ಪಾಠಶಾಲೆಯೂ ಏರ್ಪಟ್ಟವು. ಕುರುಡರ ಕೆಲಸವನ್ನು ಮನೋರಮಾಬಾಯಿಯು ತನ್ನದಾಗಿ ಮಾಡಿಕೊಂಡಳು.

ಪ್ರಾರ್ಥನೆಯು ಈ ಎಲ್ಲದರ ಉಸಿರಾಗಿತ್ತು. 1905ರ ಆರಂಭದಲ್ಲಿ ಸುಮಾರು ಎಪ್ಪತ್ತು ಮಂದಿ ಪ್ರತಿದಿನವೂ ಪ್ರಾರ್ಥನೆಗಾಗಿ ಕೂಡುವುದಕ್ಕೆ ತೊಡಗಿದರು; ಆ ವರುಷದ ಜೂನ್ ಕೊನೆಯಲ್ಲಿ ಮುಕ್ತಿಯಲ್ಲಿ ಉಂಟಾದ ಆತ್ಮಿಕ ಉಜ್ಜೀವನವು ದೇಶಾಂತರಗಳಲ್ಲಿಯೂ ಪ್ರಸಿದ್ಧವಾಯಿತು. ರಮಾಬಾಯಿಯವರು ಇಬ್ರಿಯ, ಗ್ರೀಕ್ ಭಾಷೆಗಳನ್ನು ನಡುವಯಸ್ಸಿನಲ್ಲಿ ಕಲಿತು, ಸಾಮಾನ್ಯ ಸ್ತ್ರೀಯರಿಗೂ ಅರ್ಥವಾಗುವ ಸುಲಭ ಮರಾಠಿಯಲ್ಲಿ ಸತ್ಯವೇದವನ್ನು ಭಾಷಾಂತರಿಸಲು ಅನೇಕ ವರುಷಗಳನ್ನು ವ್ಯಯಿಸಿದರು. ಅದರ ಅಚ್ಚುಮೊಳೆಗಳನ್ನು ಜೋಡಿಸಿದವರೂ ಮುಕ್ತಿಯ ಹುಡುಗಿಯರೇ.

ಕನ್ನಡನಾಡಿನ ಋಣವನ್ನೂ ತಾಯಿಮಗಳು ಮರೆಯಲಿಲ್ಲವೆಂದು ಹೇಳಲು ನಮಗೆ ಸಂತೋಷ. ಆಗ ನಿಜಾಮರ ರಾಜ್ಯಕ್ಕೆ ಸೇರಿದ್ದ ಗುಲ್ಬರ್ಗದಲ್ಲಿ, ಈಗಿನ ಕಲಬುರಗಿಯಲ್ಲಿ, 1912ರಲ್ಲಿ ಮನೋರಮಾಬಾಯಿಯ ಸಹಾಯದಿಂದ ಒಂದು ಕ್ರೈಸ್ತ ಶಾಲೆಯು ಸ್ಥಾಪಿತವಾಯಿತು. 1919ರಲ್ಲಿ ಸರಕಾರವು ರಮಾಬಾಯಿಯವರಿಗೆ ಕೈಸರ್-ಇ-ಹಿಂದ್ ಪದಕವನ್ನು ಕೊಟ್ಟಿತು. ಆದರೆ ಅವರ ಕಡೆಯ ವರುಷಗಳು ಕಠಿಣವಾಗಿದ್ದವು. ತಮ್ಮ ತರುವಾಯ ಕೆಲಸವನ್ನು ವಹಿಸಿಕೊಳ್ಳುವಳೆಂದು ನೆಚ್ಚಿದ್ದ ಒಬ್ಬಳೇ ಮಗಳು 1921ರ ಜುಲೈಯಲ್ಲಿ ನಾಲ್ವತ್ತು ವಯಸ್ಸಿಗೆ ತೀರಿಹೋದಳು. ತಂದೆ, ತಾಯಿ, ಅಕ್ಕ, ಅಣ್ಣ, ಗಂಡ ಇವರೆಲ್ಲರನ್ನೂ ಮಣ್ಣಿಗೂ ಬೆಂಕಿಗೂ ಒಪ್ಪಿಸಿದ್ದ ಆ ತಾಯಿಗೆ ಇದು ಕಡೆಯ ಪೆಟ್ಟು. ಆದರೂ ಭಾಷಾಂತರದ ಕೆಲಸವನ್ನು ಅವರು ಬಿಡಲಿಲ್ಲ. ಅದನ್ನು ಮುಗಿಸಿ 1922ನೆಯ ಏಪ್ರಿಲ್ 5ರಂದು ಕಣ್ಣುಮುಚ್ಚಿದರು. ಸಂಪೂರ್ಣ ಗ್ರಂಥವು ಅವರ ಮರಣಾನಂತರ ಹೊರಬಂದಿತು. ಮುಕ್ತಿಯು ಇಂದಿಗೂ ಕೇಡಗಾಂವಿನಲ್ಲಿ ನಿರಾಶ್ರಿತ ಸ್ತ್ರೀಯರಿಗೂ ಮಕ್ಕಳಿಗೂ ಆಶ್ರಯ ಕೊಡುತ್ತಿದೆ. 1989ರಲ್ಲಿ ಭಾರತ ಸರಕಾರವು ಅವರ ಹೆಸರಿನಲ್ಲಿ ಅಂಚೆಚೀಟಿಯನ್ನು ಹೊರಡಿಸಿತು.

ಈ ಚರಿತ್ರೆಯನ್ನು ಓದಿದ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯ್ತಂದೆಗಳೂ ಒಂದು ಸಂಗತಿಯನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದು ನಾವು ಬೇಡುತ್ತೇವೆ. ಇಂದಿನ ನಮ್ಮ ಮಕ್ಕಳಿಗೆ ಎಲೆ ತಿಂದು ಬದುಕುವ ಬರಗಾಲವು ಬಂದಿಲ್ಲದಿರಬಹುದು. ಆದರೆ ತನ್ನ ಶಂಕೆಯನ್ನು ಹೇಳಿಕೊಳ್ಳಲು ಯಾರೂ ಇಲ್ಲದ ಹದಿನಾರು ವಯಸ್ಸಿನ ಹುಡುಗಿಯು ಇಂದಿಗೂ ನಮ್ಮ ತರಗತಿಗಳಲ್ಲಿಯೂ ನಮ್ಮ ಮನೆಗಳಲ್ಲಿಯೂ ಇರುವಳು. ಆಕೆಯು ಊಟವನ್ನು ಬಿಟ್ಟಾಗ, ಮೌನವಾದಾಗ, ನಿದ್ರೆಯಿಲ್ಲದೆ ಹೊರಳಾಡುವಾಗ, ಇದು ಹಟವೆಂದು ಗದರಿಸುವುದಕ್ಕೆ ಮುಂಚೆ ಆಕೆಯ ಬಳಿಯಲ್ಲಿ ಕೂತುಕೊಳ್ಳುವವರು ಒಬ್ಬರಿರಬೇಕು. ವೈದ್ಯರು ಬೇಕಾದಲ್ಲಿ ವೈದ್ಯರ ಬಳಿಗೆ ಕರೆದೊಯ್ಯಲು ನಾಚಬಾರದು. ಸ್ತ್ರೀಯರಿಗಾಗಿ ವೈದ್ಯರನ್ನು ಬೇಡಿದವರೇ ರಮಾಬಾಯಿಯವರಲ್ಲವೇ? ಪ್ರಾರ್ಥನೆಯನ್ನು ಆಕೆಯ ಮೇಲೆ ಹೊರಿಸಬೇಕಾದುದಿಲ್ಲ. ನಾವು ಪ್ರಾರ್ಥಿಸುವಾಗ ಬಾಗಿಲನ್ನು ತೆರೆದಿಟ್ಟರೆ ಸಾಕು. ಒಳಗೆ ಬರುವುದೂ ಬಾರದಿರುವುದೂ ಆಕೆಗೆ ಬಿಟ್ಟದ್ದು. ಬಂದರೆ ಸ್ಥಳವಿರಲಿ; ಬಾರದಿದ್ದರೂ ಆಕೆಯ ಊಟದ ತಟ್ಟೆಯು ಎಂದಿನಂತೆಯೇ ಕಾದಿರಲಿ.

ಬರುವ ಜೂನ್ ತಿಂಗಳಲ್ಲಿ ಹೊಸ ಬಾಲಿಕೆಯರು ಮತ್ತೆ ಆ ಮೆಟ್ಟಿಲನ್ನು ಏರುವರು. ಅವರನ್ನು ಎದುರುಗೊಳ್ಳುವ ಹಿರಿಯ ಹುಡುಗಿಯರಿಗೂ ಉಪಾಧ್ಯಾಯಿನಿಯರಿಗೂ ಗಂಗಾಮೂಲದಲ್ಲಿ ಹುಟ್ಟಿದ ಈ ತಾಯಿಯ ಸಹನೆಯನ್ನು ಕರುಣಾಮಯನಾದ ದೇವರು ಅನುಗ್ರಹಿಸಲಿ ಎಂದು ನಾವು ಹಾರೈಸುತ್ತೇವೆ.